ಶಿಫ್ಟಿಗಿಂತ ಮುಂಚಿನ ಊರು

ನಾಗಕ್ಕನಿಗೆ ಬರುವ ಇಂಗ್ಲಿಷ್ ಮಾತು ಒಂದೇ. ಶಿಫ್ಟ್. ಅದು ಪರದೇಶದ ಮಾತು ಎಂದರೆ ಅವಳು ನನ್ನನ್ನೇ ಬಯ್ದಾಳು, ಅಷ್ಟು ಸಲೀಸು ಅವಳ ಬಾಯಲ್ಲಿ. ಅಣ್ಣನ ಮಗ ರೂಪೇಶ ಹುಟ್ಟಿದ್ದು ಶಿಫ್ಟಿಗಿಂತ ಮುಂಚೆ, ಗಂಡ ತೀರಿಕೊಂಡದ್ದು ಶಿಫ್ಟಾದ ಮೇಲೆ, ಮೊಣಕಾಲು ನೋವು ಶುರುವಾದದ್ದೂ ಶಿಫ್ಟಾದ ಮೇಲೆಯೇ. ಕಾರವಾರದ ಕೆಳಗೆ ನೌಕಾನೆಲೆಗೆಂದು ಬಿಟ್ಟುಕೊಟ್ಟ ಕಡಲೂರುಗಳಲ್ಲಿ ಅವಳದೂ ಒಂದು, ಆ ಊರು ಬಿಟ್ಟದ್ದೇ ಅವಳ ಶಿಫ್ಟ್. ಈಗ ಅಂಕೋಲೆಯ ಕಡೆಯ ಪುನರ್ವಸತಿ ಕಾಲನಿಯಲ್ಲಿ ರೂಪೇಶನ ಸಂಸಾರದ ಜೊತೆ ಇದ್ದಾಳೆ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುತ್ತಾಳೆ, ನನ್ನ ಹೆಂಡತಿ ಜಯಂತಿಯ ಜೊತೆ ಬಂಗಡೆಯ ಕಣ್ಣು ಕೆಂಪೋ ಬಿಳಿಯೋ ಎಂದು ಜಗಳವಾಡಿ ಹೋಗುತ್ತಾಳೆ.

ನನಗೂ ಆ ಮಾತಿನ ಜೊತೆ ಹಳೆಯ ಜಗಳವಿದೆ. ಕದ್ರಾ ಅಣೆಕಟ್ಟಿನ ವಿದ್ಯುತ್ ಕೇಂದ್ರದಲ್ಲಿ ನೌಕರಿ ಪೂರ್ತಿ ಶಿಫ್ಟಿನಲ್ಲೇ ಸವೆಸಿದವ ನಾನು. ಊರು ಉಣ್ಣುವಾಗ ಮಲಗಿದ್ದೆ, ಊರು ಮಲಗಿದಾಗ ಯಂತ್ರಗಳ ಮುಂದೆ ಕೂತಿದ್ದೆ. ನಮ್ಮಲ್ಲಿ ಜಡ್ಡು ಜೋರಾದರೆ ಗೋವೆಯ ಆಸ್ಪತ್ರೆಗೆ ಶಿಫ್ಟ್ ಮಾಡುತ್ತಾರೆ, ಬಾಡಿಗೆ ಹೆಚ್ಚಾದರೆ ಮನೆ ಶಿಫ್ಟ್ ಮಾಡುತ್ತಾರೆ. ಹಾಳಾದ್ದು ಇದರ ಹುಟ್ಟು ಎಲ್ಲಿ ನೋಡೋಣ ಎಂದು ನಿವೃತ್ತನಾದ ಮೇಲೆ ಒಂದು ದಿನ ದಪ್ಪ ನಿಘಂಟು ಬಿಚ್ಚಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಜೋಡಿಸಿಡು, ಪಾಲು ಮಾಡು ಎಂಬ ಅರ್ಥವಿತ್ತಂತೆ. ಆಮೇಲೆ ಬದಲಿಸು ಎಂದಾಯಿತು. ಆಗಾಗ ಬದಲಿಸುವ ಒಳಬಟ್ಟೆಗೂ ಅದೇ ಹೆಸರು ಬಂತು. ಒಬ್ಬ ಎದ್ದ ಜಾಗಕ್ಕೆ ಇನ್ನೊಬ್ಬ ಬಂದು ದುಡಿಯುವ ಪಾಳಿಗೂ ಅದೇ, ಇದ್ದುದರಲ್ಲಿ ಹೇಗೋ ಸಂಭಾಳಿಸಿಕೊಂಡು ಹೋಗುವುದಕ್ಕೂ ಅದೇ.

ಬಾಯಿ ಸುಮ್ಮನಿರಬೇಕಲ್ಲ, ಇದನ್ನೆಲ್ಲ ನಾಗಕ್ಕನಿಗೆ ಹೇಳಿದೆ. ಒಳಬಟ್ಟೆಯ ಸಂಗತಿಗೆ ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಪಾಲು ಮಾಡುವುದು ಎಂದಾಗ ನಗು ನಿಂತಿತು. ಒಂದೇ ಅಂಗಳದಲ್ಲಿ ಬೆಳೆದ ಗೆಳತಿ ಗಂಗಿಯ ಮನೆಯವರಿಗೆ ಬೇರೆ ಕಾಲನಿ ಬಂತೆಂದೂ, ಒಂದೇ ಬಲೆ ಎಳೆಯುತ್ತಿದ್ದವರು ದಿಕ್ಕಿಗೊಬ್ಬರಾದರೆಂದೂ ಹೇಳಿ ಬುಟ್ಟಿ ಎತ್ತಿಕೊಂಡಳು. ಆವತ್ತು ಜಯಂತಿ ನನಗೆ ಚೆನ್ನಾಗಿ ಮಂಗಳಾರತಿ ಮಾಡಿದಳು.

ನೂಲುಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಡುತ್ತಾರೆ. ಮಳೆಗಾಲದ ಸಿಟ್ಟು ಇಳಿಸಿಕೋ, ನಮ್ಮವರನ್ನು ಕಾಪಾಡು ಎಂದು ಬೇಡಿಕೊಂಡು ಅವರವರ ದಂಡೆಯಲ್ಲಿ ಬಿಡುವುದು. ಕಾಲನಿಯ ಉಳಿದವರು ಕ್ರಮೇಣ ಹೊಸ ದಂಡೆಯಲ್ಲೇ ಬಿಡತೊಡಗಿದರು. ನಾಗಕ್ಕ ಮಾತ್ರ ಒಲ್ಲೆ ಎಂದಳು. ತನ್ನ ಕಾಯಿಗೆ ಅರಿಶಿನ ಹಚ್ಚಿ, ಕೆಂಪು ಬಟ್ಟೆ ಸುತ್ತಿ ದೋಣಿಯವರ ಕೈಗೆ ಕೊಡುತ್ತಿದ್ದಳು. ಅವರು ಬಡಗು ದಿಕ್ಕಿಗೆ ಹೋಗಿ, ನೌಕಾನೆಲೆಯವರು ದೋಣಿ ಬಿಡುವಷ್ಟು ದೂರದವರೆಗೆ ಹೋಗಿ, ಹಳೆಯ ಊರಿನ ನೇರಕ್ಕೆ ಬಿಟ್ಟು ಬರಬೇಕು. ರೂಪೇಶ ದೊಡ್ಡವನಾದ ಮೇಲೆ ಅದು ಅವನ ಕೆಲಸವಾಯಿತು.

ಹೋದ ವರ್ಷ ಆ ಕಾಯಿ ತಿರುಗಿ ಬಂತು. ಹುಣ್ಣಿಮೆ ಕಳೆದು ಕೆಲವು ದಿನಕ್ಕೆ ಕಾಲನಿಯ ದಂಡೆಯಲ್ಲಿ ಕೆಂಪು ಬಟ್ಟೆ ಸಮೇತ ಬಿದ್ದಿತ್ತು. ನಾಗಕ್ಕ ಅನ್ನ ನೀರು ಬಿಟ್ಟಳು. ರೂಪೇಶ ಅರ್ಧ ದಾರಿಯಲ್ಲೇ ಎಸೆದು ಬಂದಿದ್ದಾನೆ ಎಂದು ಅವಳ ಗುಮಾನಿ. ತಾಯಾಣೆಗೂ ಅಲ್ಲೇ ಬಿಟ್ಟೆ ಎಂದು ಅವನ ಅಳಲು. ನೀರಿನ ಸೆಳೆತ ತಂದಿರಬಹುದು ಎಂದು ನಾನು ಹೇಳಲು ಹೋಗಿ ಬಯ್ಸಿಕೊಂಡೆ. ಊರು ತನ್ನ ಕಾಯಿಯನ್ನು ತಿರುಗಿಸಿ ಕಳಿಸಿತು, ಇನ್ನು ತಾನೇ ಹೋಗಿ ಕೈಯಾರೆ ಬಿಟ್ಟು ತಪ್ಪಾಯಿತು ಎನ್ನದಿದ್ದರೆ ಸತ್ತರೂ ಜೀವಕ್ಕೆ ನೆಮ್ಮದಿಯಿಲ್ಲ ಎಂದು ಹಟ ಹಿಡಿದಳು. ಹೆಂಗಸರು ದೋಣಿ ಹತ್ತುವ ರೂಢಿಯೇ ಅವರಲ್ಲಿಲ್ಲ. ಕಾಲನಿಯವರು ಮೂಗು ಮುರಿದರು. ಒಂದು ವರ್ಷ ಅವಳು ರೂಪೇಶನ ತಲೆ ತಿಂದಳು.

ಈ ನೂಲುಹುಣ್ಣಿಮೆಯ ಬೆಳಿಗ್ಗೆ ಕಡಲು ಸೌಮ್ಯವಾಗಿತ್ತು. ರೂಪೇಶ ಒಪ್ಪಿದ. ಅತ್ತೆಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕೆಂದು ನನ್ನನ್ನೂ ಕರೆದ. ಈಜು ಬಾರದ ನಾನು ಯಾವ ಧೈರ್ಯಕ್ಕೆ ಹತ್ತಿದೆನೋ. ನಾಗಕ್ಕ ಹೊಸ ಸೀರೆ ಉಟ್ಟು, ಮುಡಿ ತುಂಬ ಅಬ್ಬಲಿಗೆ ಮುಡಿದು, ತವರಿಗೆ ಹೊರಟವಳ ಹಾಗೆ ಕೂತಿದ್ದಳು. ಕಾಯಿ ಮಡಿಲಲ್ಲಿತ್ತು. ದಾರಿಯುದ್ದಕ್ಕೂ ಮಾತು. ಗುಡ್ಡದ ತುದಿ ದಾಟಿದರೆ ಕರಿಬಂಡೆ ಕಾಣುತ್ತದೆ, ದೋಣಿ ಬರುವುದನ್ನು ಕಾಯಲು ಹೆಂಗಸರು ಅದರ ಮೇಲೆಯೇ ನಿಲ್ಲುತ್ತಿದ್ದರು, ಅದರ ಹಿಂದೆ ತೆಂಗಿನ ಸಾಲು, ಸಾಲು ಮುಗಿದಲ್ಲಿ ಅವಳ ಮನೆ. ನನಗೂ ಆ ಮನೆಯನ್ನು ನೋಡುವ ಆಸೆ ಹುಟ್ಟಿಬಿಟ್ಟಿತು.

ದೋಣಿ ಗುಡ್ಡದ ತುದಿ ದಾಟಿತು. ಇನ್ನು ಮುಂದೆ ಬಿಡುವುದಿಲ್ಲವೆಂದು ರೂಪೇಶ ಇಂಜಿನ್ ನಿಲ್ಲಿಸಿದ. ದೂರದಲ್ಲಿ ಕಡಲಿನೊಳಗೇ ಕಲ್ಲಿನ ಉದ್ದ ಗೋಡೆ, ಕ್ರೇನುಗಳು, ಬೂದು ಹಡಗುಗಳು. ನಾಗಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಎಲ್ಲಿ ಎಂದು ಕೇಳಿದಳು. ರೂಪೇಶ ಬೆರಳು ತೋರಿಸಿದ. ಅದಲ್ಲ ಎಂದಳು. ಅವನು ಮತ್ತೆ ಅಲ್ಲಿಗೇ ತೋರಿಸಿದ. ಅವಳು ಬಂಡೆ ಹುಡುಕಿದಳು, ತೆಂಗು ಹುಡುಕಿದಳು. ಗುಡ್ಡದ ಆಕಾರವನ್ನಾದರೂ ಹಿಡಿಯಲು ನೋಡಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ತಮ್ಮಾ, ನೀ ಕಲ್ತವ. ಸುಳ್ಳು ಹೇಳ್ಬೇಡ. ಇದು ನಮ್ಮೂರು ಹೌದ?"

ಹೌದು ಎಂದೆ. ನಕಾಶೆ ನೋಡಿ ತಿಳಿದವನ ಹೌದು ಅದು. ಆ ಊರನ್ನು ನಾನು ಕಂಡವನೇ ಅಲ್ಲ. ದೋಣಿ ಅಲೆಗೆ ತೂಗುತ್ತಿತ್ತು. ಇಷ್ಟು ವರ್ಷ ಕಣ್ಣು ಮುಚ್ಚಿದರೆ ಸಾಕು, ಅವಳಿಗೆ ಆ ಊರು ಕಲ್ಲು ಮರ ಸಮೇತ ಕಾಣುತ್ತಿತ್ತು. ಕಣ್ಣು ಬಿಟ್ಟು ನೋಡಿ ಅದನ್ನು ಕಳೆದುಕೊಂಡಳು. ಯಾಕಾದರೂ ಕರೆತಂದೆವೋ ಅನ್ನಿಸಿತು.

ಆಮೇಲೆ ಅವಳು ಮಡಿಲಿನ ಕಾಯಿಯನ್ನು ರೂಪೇಶನ ಕೈಗೆ ಕೊಟ್ಟಳು. ಶಿಫ್ಟಾಗುವಾಗ ಅವನಿನ್ನೂ ಸೊಂಟದ ಮೇಲಿನ ಕೂಸು.

"ನೀನೇ ಬಿಡು, ಮಗಾ. ನಿಂಗೆ ಗುರ್ತ ಅದೆ. ನಂಗೆ ಇಲ್ಲ."

ಅವನು ಬಗ್ಗಿ ಕಾಯಿಯನ್ನು ನೀರಿಗೆ ಬಿಟ್ಟು ಕೈ ಮುಗಿದ. ನಾಗಕ್ಕ ಅತ್ತ ನೋಡಲಿಲ್ಲ. ನನ್ನ ಮೊಣಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬುಟ್ಟಿಯ ಮೀನು ಕೆಟ್ಟೀತು, ಬೇಗ ಹೋಗುವಾ ಎಂದಳು. ಹಬ್ಬದ ದಿನ ಅವಳು ಮೀನು ತೆಗೆದುಕೊಂಡೇ ಇರಲಿಲ್ಲ.