ಹಾರ ಹಾಕಿದ ಕಂಬ

"ಅದೊಂದು ಮುಟ್ಟಬ್ಯಾಡ್ರಿ ಸಾಹೇಬ್ರ, ಪೂಜಿ ಮಾಡೀವಿ" ಎಂದು ಸೆಂಟ್ರಿಂಗ್ ಮೇಸ್ತ್ರಿ ಬಸಣ್ಣ ಅಡ್ಡ ಬಂದ. ಶಹಾಪುರದ ಮನೆಯೊಂದರ ಸ್ಲ್ಯಾಬಿಗೆ ಇನ್ನೇನು ಕಾಂಕ್ರೀಟ್ ಸುರಿಯಬೇಕಿತ್ತು. ಅದಕ್ಕೂ ಮೊದಲು, ಸ್ಲ್ಯಾಬ್ ಗಟ್ಟಿಯಾಗುವವರೆಗೆ ಭಾರ ಹೊರುವ ಪ್ರತಿ ಕಂಬವನ್ನೂ ಅಲುಗಾಡಿಸಿ ನೋಡಬೇಕೆಂದು ಸೈಟ್ ಸೂಪರ್‌ವೈಸರ್ ಕೆಲಸಕ್ಕೆ ಸೇರುವಾಗ ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಉಳಿದ ಕಂಬಗಳಿಗೆ ಬಸಣ್ಣ ತಕರಾರು ಮಾಡಿರಲಿಲ್ಲ. ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದ ಇದೊಂದಕ್ಕೇ ಯಾಕೆ?

ಕೈ ಮುಗಿದು, ಹಿಡಿದು ಅಲುಗಾಡಿಸಿದೆ. ಸಡಿಲ ಹಲ್ಲಿನಂತೆ ಅಲ್ಲಾಡಿತು. ಬುಡಕ್ಕೆ ಕೊಟ್ಟಿದ್ದ ಇಟ್ಟಿಗೆ ಚೂರು ಪುಡಿಯಾಗಿತ್ತು.

"ದೇವರ ಕಂಬಕ್ಕ ಯಾರೂ ಕೈ ಹಚ್ಚಂಗಿಲ್ಲ ಅಂತ ಸಡಿಲ ಇದ್ರೂ ಹಂಗ ಬಿಟ್ಟಿದ್ನಿರಿ" ಎಂದ ಬಸಣ್ಣ, ನೆಲ ನೋಡುತ್ತ. ಕೆಲಸ ನಿಲ್ಲಿಸಿದೆ.

ಈಗ ಯಾವ ಸೈಟಿಗೆ ಹೋದರೂ ಮೊದಲು ಹಾರ ಹಾಕಿದ ಕಂಬವನ್ನೇ ಹುಡುಕುತ್ತೇನೆ. ನನಗೆ ಗುಮಾನಿ ದೇವರ ಮೇಲಲ್ಲ, ಹಾರ ಹಾಕಿದವರ ಮೇಲೆ.