ಬೇರಿಂಗ್ ಟೀಮಿನ ಹುಡುಗಿಯರು

ನಾನು ಚಿಕ್ಕವಳಿದ್ದಾಗ ನನಗೆ ಸಿಟ್ಟು ಬಂದರೆ ಮನೆಯವರೆಲ್ಲ ನಗುತ್ತಿದ್ದರು. ಮೂಗಿನ ತುದಿ ಕೆಂಪಾಗುತ್ತಿತ್ತಂತೆ, ಕೆನ್ನೆ ಉಬ್ಬುತ್ತಿತ್ತಂತೆ. ಆದರೆ ಮಕ್ಕಳೇ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ನನಗೆ ಬಂದ ಸಿಟ್ಟನ್ನು ನೋಡಿ ಯಾರೂ ನಗಲಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಈ ವಯಸ್ಸಿನಲ್ಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಮ್ಮ ಅಪ್ಪ ಮೊದಲು ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ. ಆಮೇಲೆ ಬಳ್ಳಾರಿಗೆ ಬಂದು ಕಂಟೋನ್ಮೆಂಟಿನ ಹತ್ತಿರ ಸ್ವಂತ ಶೆಡ್ ಹಾಕಿದ. ಮಿಲಿಟರಿಯಲ್ಲಿದ್ದಾಗ ಶಿಮ್ಲಾದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಟ ಆಡುವುದನ್ನು ಅವನು ಕಣ್ಣಾರೆ ಕಂಡಿದ್ದ. ಬೇಸಿಗೆಯ ಮಧ್ಯಾಹ್ನ ಬಂಡೆಗುಡ್ಡ ಕಾದು ಊರು ರೊಟ್ಟಿ ಹಂಚಿನಂತಾದಾಗ, ಬಾಗಿಲಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು ಅದರ ತಂಪಿನಲ್ಲಿ ಕುಳಿತು ಅಪ್ಪ ಆ ಕಥೆ ಹೇಳುತ್ತಿದ್ದ. ಬೂಟಿನ ಕೆಳಗೆ ಉಕ್ಕಿನ ಅಲಗು, ಬಾಯಿಂದ ಬರುವ ಹೊಗೆಯಂಥ ಉಸಿರು, ಗಾಜಿನಂಥ ನೆಲದ ಮೇಲೆ ಹಕ್ಕಿಗಳ ಹಾಗೆ ತೇಲುವ ಆಟಗಾರರು. ನಾವು ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದೆವು. ನಾವು ಕಂಡ ಮಂಜುಗಡ್ಡೆ ಎಂದರೆ ಸೋಡಾ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಹೂತಿಟ್ಟದ್ದು ಮಾತ್ರ.

ಅಕ್ಕ ಆಗ ಹೈಸ್ಕೂಲಿನಲ್ಲಿದ್ದಳು. ಅವಳಿಗೆ ಕಥೆ ಕೇಳಿದರೆ ಸಾಲುತ್ತಿರಲಿಲ್ಲ.

"ಐಸ್ ಇಲ್ಲದಿದ್ರ ಏನಾತಪ್ಪಾ, ನಿನ್ನ ಶೆಡ್ಡಿನಾಗ ಬೇರಿಂಗ್ ಅದಾವಲ್ಲ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

ಅಪ್ಪ ಎದ್ದು ಶೆಡ್ಡಿಗೆ ಹೋದ. ಹಳೆಯ ಲಾರಿಗಳ ಡೈನಮೋದಿಂದ ಬಿಚ್ಚಿದ ಸಣ್ಣ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೇವಿನ ಹಲಗೆಯ ಕೆಳಗೆ ಚಕ್ರದಂತೆ ಜೋಡಿಸಿ, ಚರ್ಮದ ಪಟ್ಟಿ ಹೊಡೆದು ಕೊಟ್ಟ. ಅದಕ್ಕೆ ನಾವು ಬೇರಿಂಗ್ ಮೆಟ್ಟು ಎಂದೆವು. ಹಳೆಯ ಟೈರಿನಿಂದ ದುಂಡಗೆ ಕತ್ತರಿಸಿದ ಬಿಲ್ಲೆ ನಮ್ಮ ಚೆಂಡಾಯಿತು. ಮುರಿದ ಹಾಕಿ ಕೋಲುಗಳಿಗೆ ಅಪ್ಪ ತಂತಿ ಸುತ್ತಿಕೊಟ್ಟ. ಕಂಟೋನ್ಮೆಂಟಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಒಂದು ಹಳೆಯ ಉಗ್ರಾಣವಿತ್ತು. ಅದರ ನೆಲ ನುಣುಪಾಗಿತ್ತು. ಅಕ್ಕ ಓಣಿಯ ಹುಡುಗಿಯರನ್ನೆಲ್ಲ ಕಟ್ಟಿಕೊಂಡು ಹೋಗಿ ಬಾವಲಿಗಳ ಹಿಕ್ಕೆ ಗುಡಿಸಿ, ನೀರು ಹೊಡೆದು, ಸುಣ್ಣದಲ್ಲಿ ಗೆರೆ ಎಳೆದಳು. ನಮ್ಮ ತಂಡ ಹುಟ್ಟಿದ್ದು ಹಾಗೆ. ನಾನು ಗೋಲು ಕಾಯುವವಳು. ಹಳೆಯ ಕೌದಿಯನ್ನು ಹರಿದು ಮೊಣಕಾಲಿಗೆ ಸುತ್ತಿಕೊಂಡು ನಿಲ್ಲುತ್ತಿದ್ದೆ.

ಆ ಬೇರಿಂಗುಗಳ ಸದ್ದು ನೀವು ಕೇಳಬೇಕಿತ್ತು! ಉಗ್ರಾಣದ ಗೋಡೆಗಳೆಲ್ಲ ಗರ್‍ರ್ ಎನ್ನುತ್ತಿದ್ದವು. ಮೊದಲು ಹುಡುಗರು ಕಿಟಕಿಯಲ್ಲಿ ನಿಂತು ಅಣಕಿಸಿದರು. ಆಮೇಲೆ ಒಳಗೆ ಬಂದು ಬಿದ್ದು ಮೊಣಕೈ ತರಚಿಕೊಂಡರು. ಅಕ್ಕ ಅವರಿಗೂ ಕಲಿಸಿದಳು. ನಮ್ಮಲ್ಲಿ ಒಬ್ಬಳ ಅಜ್ಜಿಯ ಊರು ಕುರುಗೋಡು. ಅಲ್ಲಿಯವರು ಕರೆದರೆಂದು ಹೋಗಿ ಅವರ ಕಲ್ಲುಹಾಸಿನ ಅಂಗಳದಲ್ಲಿ ಆಡಿದೆವು. ಕಲ್ಲಿನ ಸಂದುಗಳಿಗೆ ಸಿಕ್ಕಿ ಎಲ್ಲರೂ ಮುಗ್ಗರಿಸಿದರೂ ಜನ ಸಂಜೆಯವರೆಗೆ ಕದಲಲಿಲ್ಲ. "ಬೇರಿಂಗ್ ಟೀಮು" ಎಂದು ಹೆಸರಿಟ್ಟವರೂ ಅವರೇ. ಎರಡನೆಯ ವರ್ಷಕ್ಕೆ ನಮ್ಮ ಆಟಕ್ಕೆ ಟಿಕೆಟ್ ಇಡುವಷ್ಟು ಜನ ಸೇರತೊಡಗಿದರು.

ಟಿಕೆಟ್ ಬಂತು ನೋಡಿ, ದೊಡ್ಡವರೂ ಬಂದರು. ಊರಿನ ನಾಲ್ಕು ಜನ ಗಣ್ಯರು ಸೇರಿ ಒಂದು ಸಂಘ ಮಾಡಿದರು. ಅದಕ್ಕೊಬ್ಬರು ಅಧ್ಯಕ್ಷರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆರಳಿಗೆ ಉಂಗುರ, ಮಾತು ಬೆಣ್ಣೆ. ಒಳ್ಳೆಯ ನೆಲ ಹಾಕಿಸುತ್ತೇವೆ, ಮದರಾಸಿನಿಂದ ಚಕ್ರದ ಬೂಟು ತರಿಸುತ್ತೇವೆ ಎಂದರು. ಅಪ್ಪ ಹಿಗ್ಗಿಹೋದ. ಉಗ್ರಾಣದ ಬೀಗದ ಕೈಯನ್ನೂ ಮೆಟ್ಟುಗಳನ್ನೂ ಸಂಘಕ್ಕೆ ಒಪ್ಪಿಸಿದ.

ಸಂಘದ ಮೊದಲ ಪಂದ್ಯ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ, ನಮ್ಮನ್ನು ನೋಡಿ ಮೆಟ್ಟು ಮಾಡಿಕೊಂಡಿದ್ದ ಅಲ್ಲಿನ ಹುಡುಗರ ಮೇಲೆ. ಅಲ್ಲಿ ಭತ್ತ ಒಣಗಿಸುವ ಸಿಮೆಂಟಿನ ಕಣ ಕನ್ನಡಿಯಂತಿತ್ತು. ನಾವು ಅಪ್ಪನ ಜೊತೆ ಬೆಳಗಿನ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಕಾಲುವೆ, ಹಸಿರು ಗದ್ದೆ, ಕಿಟಕಿಯಿಂದ ಬರುವ ಕೆಸರಿನ ವಾಸನೆ. ಗಿರಣಿಯ ಬಾಗಿಲಲ್ಲಿ ಬೆಂದ ಭತ್ತದ ಹಬೆ ಮುಖಕ್ಕೆ ಹೊಡೆಯಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಮಾರುವವರು ಆಗಲೇ ಬಂದು ಒಲೆ ಹಚ್ಚಿದ್ದರು. ಕಣದ ಸುತ್ತ ಜನವೋ ಜನ.

ಆಗ ಅಧ್ಯಕ್ಷರು ಕೆಂಪು ಬನಿಯನ್ನುಗಳ ಗಂಟು ಬಿಚ್ಚಿಸಿದರು. ಎದೆಯ ಮೇಲೆ ನಮ್ಮ ತಂಡದ ಹೆಸರು. ನಾನು ಕೈ ಚಾಚಿದೆ. ಬನಿಯನ್ನು ನನ್ನನ್ನು ದಾಟಿ ಹಿಂದೆ ನಿಂತಿದ್ದ ಹುಡುಗನ ಕೈಗೆ ಹೋಯಿತು. ಅಕ್ಕ ಕಲಿಸಿದ ಹುಡುಗರೇ ಅವರೆಲ್ಲ! ಅಪ್ಪ ಮಾಡಿದ ಮೆಟ್ಟುಗಳೂ ಅವರ ಕಾಲಲ್ಲಿದ್ದವು. ನಮ್ಮ ಕೈಗೆ ಬಂದದ್ದು ಹಿತ್ತಾಳೆಯ ಆರತಿ ತಟ್ಟೆಗಳು.

"ನೀವು ಹುಡುಗ್ಯಾರು ಅತಿಥಿಗಳಿಗೆ ಆರತಿ ಬೆಳಗ್ರವ್ವಾ. ಇಷ್ಟು ಮಂದಿ ಮುಂದ ಚಡ್ಡಿ ಹಾಕ್ಕೊಂಡು ಓಡಾಡೂದು ಚಂದ ಕಾಣಂಗಿಲ್ಲ. ಊರಿನ ಇಜ್ಜತ್ ಪ್ರಶ್ನೆ ಐತಿ" ಎಂದರು ಅಧ್ಯಕ್ಷರು, ನಗುನಗುತ್ತಲೇ.

ಅಕ್ಕ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ತನ್ನ ಕೈಯಲ್ಲಿದ್ದ ತಟ್ಟೆಯನ್ನು ಅಧ್ಯಕ್ಷರ ಕೈಗೇ ಇಟ್ಟಳು.

"ನೀವ ಬೆಳಗ್ರಿ. ನಿಮ್ಮ ಅಂಗಿ ಭಾಳ ಚಂದ ಐತಿ."

ಯಾರೋ ಕಿಸಕ್ಕೆಂದರು. ಅಧ್ಯಕ್ಷರ ಮುಖದಿಂದ ನಗು ಹೋಯಿತು. "ಏನ್ರಿ ಇದು, ನಿಮ್ಮ ಮಗಳಿಗೆ ನಾಕು ಬುದ್ಧಿ ಮಾತು ಹೇಳ್ರಿ" ಎಂದು ಅಪ್ಪನ ಕಡೆ ತಿರುಗಿದರು.

ಅಪ್ಪ ತಲೆ ತಗ್ಗಿಸಿದ. "ಹೋಗ್ಲಿ ಬಿಡವ್ವಾ. ಹಿರೇರು ಅದಾರ" ಎಂದ.

ಮಕ್ಕಳೇ, ಅಧ್ಯಕ್ಷರ ಮಾತಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ನಮ್ಮ ಅಪ್ಪನೇ ಹಾಗೆ ಹೇಳಿದನೆ? ನನಗೆ ಕಣ್ಣು ಮಂಜಾಯಿತು. ಏನು ಮಾಡುತ್ತಿದ್ದೇನೆಂದು ಯೋಚಿಸಲೂ ಇಲ್ಲ. ಬರಿಗಾಲಲ್ಲಿ ಕಾದ ಸಿಮೆಂಟಿನ ಮೇಲೆ ಓಡಿಹೋಗಿ, ಗೋಲಿನ ಎರಡು ಕಂಬಗಳ ನಡುವೆ ಕುಳಿತುಬಿಟ್ಟೆ. ಇದು ನನ್ನ ಜಾಗ. ಯಾರು ಎಬ್ಬಿಸುತ್ತಾರೋ ನೋಡುತ್ತೇನೆ. ಅಕ್ಕ ಬಂದು ಕಣದ ನಟ್ಟನಡುವೆ ಕುಳಿತಳು. ಉಳಿದವರೂ ಒಬ್ಬೊಬ್ಬರಾಗಿ ತಟ್ಟೆ ಕೆಳಗಿಟ್ಟು ಬಂದು ಕುಳಿತರು.

ಶಿಳ್ಳೆ, ಕೂಗಾಟ, ಗದ್ದಲ. "ಎದ್ದು ಹೋಗ್ರಲೇ!" ಎಂದು ಕೆಲವರು, "ಆಡಾಕ ಬಿಡ್ರಿ ಅವರನ್ನ!" ಎಂದು ಕೆಲವರು. ಆ ಗಿರಣಿಯಲ್ಲಿ ಕಾಲಿನಿಂದ ಭತ್ತ ಕೆದರಿ ಒಣಗಿಸುವ ಹೆಂಗಸರಿದ್ದರು. ಅವರಲ್ಲಿ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ಕುಳಿತಳು.

"ಈ ಕಣದಾಗ ನಾವು ಮಂಡಿ ಕಾಣೂ ಹಂಗ ಸೀರಿ ಎತ್ತಿ ಕಟ್ಟಿ ದಿನಾ ದುಡಿತೀವಿ. ಅವಾಗ ಯಾರ ಇಜ್ಜತ್ತೂ ಹೋಗಂಗಿಲ್ಲೇನು?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. "ಕುಂದರು ನನ್ನವ್ವಾ, ನಾ ಅದೀನಿ."

ಸಂಘದ ಒಬ್ಬ ಬಂದು ನನ್ನ ರಟ್ಟೆ ಹಿಡಿದು ಎಳೆದ. ನಾನು ಕಂಬ ತಬ್ಬಿಕೊಂಡು ಕಿರುಚಿದೆ. ಮರುಗಳಿಗೆಗೆ ಆ ಕೈ ಸಡಿಲಾಯಿತು. ತಲೆಯೆತ್ತಿದರೆ ಅಪ್ಪ. ಅವನ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ. ಆ ಮನುಷ್ಯನನ್ನು ಪಕ್ಕಕ್ಕೆ ಸರಿಸಿ, ನೇರವಾಗಿ ಕೆಂಪು ಬನಿಯನ್ನಿನ ಹುಡುಗರ ಮುಂದೆ ಹೋಗಿ ಮಂಡಿಯೂರಿ ಕುಳಿತು ಒಂದೊಂದೇ ಮೆಟ್ಟಿನ ಪಟ್ಟಿ ಬಿಚ್ಚತೊಡಗಿದ.

"ಏನು ಮಾಡಾಕತ್ತೀರಿ?" ಎಂದು ಅಧ್ಯಕ್ಷರು ಗುಡುಗಿದರು.

"ಇವು ನನ್ನ ಕೈಯಾಗ ಆದ ಮೆಟ್ಟು. ಯಾರ ಕಾಲಿಗೆ ಕಟ್ಟಬೇಕು ಅನ್ನೂದು ನನಗ ಗೊತ್ತೈತಿ" ಎಂದ ಅಪ್ಪ, ತಲೆ ಎತ್ತದೆ. ಒಬ್ಬ ಹುಡುಗ ತಾನಾಗಿಯೇ ತನ್ನದನ್ನು ಬಿಚ್ಚಿ ಅಕ್ಕನ ಮುಂದೆ ತಂದಿಟ್ಟ. ಅವನಿಗೆ ಅಕ್ಕನ ಮುಖ ನೋಡಲು ಆಗಲಿಲ್ಲ.

ಟಿಕೆಟ್ ಕೊಂಡ ಜನರ ಮುಂದೆ ಅಧ್ಯಕ್ಷರಿಗೆ ಬೇರೆ ದಾರಿ ಇರಲಿಲ್ಲ. ಆ ದಿನ ನಾವೇ ಆಡಿದೆವು, ಕೆಂಪು ಬನಿಯನ್ನಿಲ್ಲದೆ. ಸೋತೆವು. ಸುಳ್ಳು ಏಕೆ ಹೇಳಲಿ, ಸೋಲಿಸಿದ ಗೋಲು ನನ್ನ ಕಾಲ ಸಂದಿನಿಂದಲೇ ಹೋಯಿತು. ಸಿಟ್ಟಿನಲ್ಲಿ ನನಗೆ ಬಿಲ್ಲೆಯೇ ಕಾಣುತ್ತಿರಲಿಲ್ಲ. ಆದರೂ ಆಟ ಮುಗಿದ ಮೇಲೆ ಆ ಗಿರಣಿಯ ಹೆಂಗಸರು ನಮ್ಮ ಕೈಗೆ ಬೆಲ್ಲ, ಮಂಡಕ್ಕಿ ತುಂಬಿ ಕಳಿಸಿದರು.

ಬಳ್ಳಾರಿಗೆ ಮರಳಿದಾಗ ಉಗ್ರಾಣಕ್ಕೆ ಹೊಸ ಬೀಗ ಬಿದ್ದಿತ್ತು. ಸಂಘದವರು ನಮ್ಮ ತಂಡದ ಹೆಸರನ್ನೂ ನಮಗೆ ಬಿಡಲಿಲ್ಲ. ಹುಡುಗರ ತಂಡ ಮಾಡಿ ಸ್ವಲ್ಪ ಕಾಲ ಆಡಿಸಿದರು. ನಾವು ಕುರುಗೋಡಿನ ಆ ಕಲ್ಲಿನ ಅಂಗಳಕ್ಕೇ ಹೋದೆವು. ಸಂದುಗಳಿಗೆ ಸುಣ್ಣ, ಸಿಮೆಂಟು ಮೆತ್ತಿ ಮೂರು ಬೇಸಿಗೆ ಆಡಿದೆವು. ಆಮೇಲೆ ಒಬ್ಬೊಬ್ಬಳ ಮದುವೆಯಾಗುತ್ತ ತಂಡ ಕರಗಿತು. ಅಕ್ಕ ಆಟದ ಟೀಚರಾಗಿ ಸಿರುಗುಪ್ಪಕ್ಕೇ ಹೋದಳು. ಅಪ್ಪ ಅಂದು "ಹೋಗ್ಲಿ ಬಿಡವ್ವಾ" ಎಂದದ್ದರ ಬಗ್ಗೆ ಮತ್ತೆ ಎಂದೂ ಬಾಯಿ ಬಿಡಲಿಲ್ಲ. ಆದರೆ ಸಂಘದವರ ಲಾರಿ ರಿಪೇರಿಗೆ ಬಂದರೆ ಶೆಡ್ಡಿನ ಬಾಗಿಲು ಎಳೆದುಕೊಳ್ಳುತ್ತಿದ್ದ. ಇವತ್ತಿಗೂ ಊರಿನ ಹಳಬರು ಆ ತಂಡದ ಮಾತು ತೆಗೆದರೆ "ಅಧ್ಯಕ್ಷರು ಕಟ್ಟಿದ ಟೀಮು" ಎನ್ನುತ್ತಾರೆ. ನಾನು ಎದುರಿಗಿದ್ದರೆ ಬಿಡುವುದಿಲ್ಲ. ಮದುವೆಮನೆಯಾದರೂ ಸರಿ, ಊಟದ ಪಂಕ್ತಿಯಾದರೂ ಸರಿ, ತಿದ್ದಿಯೇ ಏಳುತ್ತೇನೆ.

ಈಗ ನಿಮಗೆ ಬಳ್ಳಾರಿಯ ಪಾರ್ವತಿನಗರದಲ್ಲಿ ಮಾಡಿನ ಕೆಳಗೆ ನುಣುಪಾದ ನೆಲವಿದೆ. ಹೆಲ್ಮೆಟ್ಟಿದೆ, ಮೊಣಕಾಲಿಗೆ ಗಟ್ಟಿ ಕವಚವಿದೆ, ಸದ್ದೇ ಮಾಡದ ಚಕ್ರದ ಬೂಟುಗಳಿವೆ. ಹೆಣ್ಣುಮಕ್ಕಳು ನಿಜವಾದ ಮಂಜುಗಡ್ಡೆಯ ಮೇಲೆ ಹಾಕಿ ಆಡುವುದನ್ನು ನೀವು ನನಗೆ ಮೊಬೈಲಿನಲ್ಲಿ ತೋರಿಸುತ್ತೀರಿ. ನಿಮ್ಮ ಬಟ್ಟೆಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ನೋಡಿ ಕಣ್ಣು ತಂಪಾಗುತ್ತದೆ.

ಆದರೆ ಮೊನ್ನೆ ನಮ್ಮ ಮೊಮ್ಮಗಳು ಆಟಕ್ಕೆ ಹೋದವಳು ಬೇಗನೆ ವಾಪಸು ಬಂದಳು. "ಹುಡುಗ್ರಿಗೆ ಟೂರ್ನಮೆಂಟ್ ಐತಂತ ಅಜ್ಜಿ. ನಮ್ಮ ಟೈಮ್ ಅವರಿಗೆ ಕೊಟ್ರು" ಎಂದು ಚೀಲ ಮೂಲೆಗೆ ಎಸೆದಳು. ನನ್ನ ಕಿವಿ ಬಿಸಿಯಾಯಿತು. ಈ ಕಥೆಯನ್ನು ಅವಳಿಗೆ ಹೇಳಿದ್ದು ಆ ಹೊತ್ತಿನಲ್ಲೇ. ಅವಳು ಪೂರ್ತಿ ಕೇಳಿ, ಗೆಳತಿಯರಿಗೆಲ್ಲ ಫೋನ್ ಮಾಡಿದಳು. ಮರುದಿನ ಅವರೆಲ್ಲ ಸೇರಿ ಕೋಚ್ ಹತ್ತಿರ ಹೊರಟರು. ನಾನೂ ಚಪ್ಪಲಿ ಮೆಟ್ಟಿಕೊಂಡೆ.

ಅವಳು ಬಾಗಿಲಲ್ಲೇ ನನ್ನನ್ನು ತಡೆದಳು. "ನೀ ಬ್ಯಾಡ ಅಜ್ಜಿ. ನೀ ಬಂದ್ರ ಬೈತಿ, ಅವರು ನಿನ್ನ ಸಮಾಧಾನ ಮಾಡಿ ಕಳಿಸ್ತಾರ. ನಮ್ಮ ಟೈಮು, ನಾವ ಕೇಳ್ತೀವಿ."