ಕಸ ತೆಗೆದ ಬೆಳಿಗ್ಗೆ

ನಾನು ನಿಂತಿದ್ದು ನಮ್ಮ ಅಡುಗೆಮನೆಯ ಹಿಂಬಾಗಿಲಿನ ಎರಡನೆಯ ಮೆಟ್ಟಿಲ ಮೇಲೆ. ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗಿನ ನೆಲಮಹಡಿ, ಐದನೆಯ ತರಗತಿ ಮುಗಿದ ಮೇ ತಿಂಗಳ ರಜೆ, ಬೆಳಿಗ್ಗೆ ಹತ್ತೂವರೆ. ಹೊತ್ತು ನೆನಪಿರಲು ಕಾರಣ, ಗೋಡೆಯ ನೆರಳು ಆಗ ತಾನೇ ನನ್ನ ಕಾಲ್ಬೆರಳು ಬಿಟ್ಟು ಸರಿದಿತ್ತು. ಕಳೆದ ವಾರ ನಾನೀಗಿರುವ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಯಾರೋ ಲಂಟಾನದ ಪೊದೆ ಕಡಿಯುತ್ತಿದ್ದರು. ಆ ಹಸಿ ಘಾಟು ಐದನೆಯ ಮಹಡಿಗೆ ಏರಿ ಬಂದು ನನ್ನನ್ನು ಮತ್ತೆ ಆ ಮೆಟ್ಟಿಲ ಮೇಲೆ ನಿಲ್ಲಿಸಿತು. ಕಿಟಕಿ ಮುಚ್ಚಿದೆ. ಪ್ರಯೋಜನವಾಗಲಿಲ್ಲ.

ಹಿತ್ತಿಲೆಂದರೆ ಅಪ್ಪನ ಹೆಜ್ಜೆಯಲ್ಲಿ ಹನ್ನೊಂದು ಹೆಜ್ಜೆ, ಅದರಾಚೆ ಕಾಂಪೌಂಡ್ ಗೋಡೆ. ಅಮ್ಮ ಉಡುಪಿಯಿಂದ ತಂದು ನೆಟ್ಟ ಬಸಳೆ, ಒಂದು ಕರಿಬೇವು, ಮೂಲೆಯಲ್ಲಿ ಯಾರೂ ನೆಡದೆ ಹುಟ್ಟಿದ ಲಂಟಾನ. ಅಪ್ಪ ಕೆಲಸಕ್ಕಿದ್ದ ಗ್ರಾಂಟ್ ರೋಡಿನ ಹೋಟೆಲಿನಿಂದ ಬಂದ ಸೊಟ್ಟ ತಟ್ಟೆಯಲ್ಲಿ ಅಮ್ಮ ನೀರಿಡುತ್ತಿದ್ದಳು. ಬೇಸಿಗೆಯಿಡೀ ಅಲ್ಲಿ ನೆಂಟರು. ಬಸಳೆ ಎಲೆಯ ಮೇಲೆ ನಿಂತ ನೀರಿನಲ್ಲೇ ಮೈ ಉಜ್ಜಿಕೊಳ್ಳುವ ಸೂರಕ್ಕಿ, ಗೋಡೆಯ ನೆರಳಲ್ಲಿ ಹೊಟ್ಟೆ ಚಾಚಿ ಮಲಗುವ ಅಳಿಲು, ಗಟಾರದಿಂದ ಎದ್ದು ಬಂದು ನಮ್ಮನ್ನೇ ದಿಟ್ಟಿಸುವ ಮುಂಗುಸಿ. ಆ ವರ್ಷ ಲಂಟಾನದೊಳಗೆ ಕರಿ ಜುಟ್ಟಿನ ಪಿಕಳಾರ ಜೋಡಿಯೊಂದು ಗೂಡು ಕಟ್ಟಿತ್ತು. ಮರಿ ಎರಡು. "ಯಾರಿಗೂ ಹೇಳ್ಬೇಡ ಮಾರಾಯ. ಜನ ನೋಡ್ಲಿಕ್ಕೆ ಬಂದ್ರೆ ಅವು ಬಿಟ್ಟು ಹೋಗ್ತವೆ" ಎಂದಿದ್ದಳು ಅಮ್ಮ. ದಿನಾ ಬೆಳಿಗ್ಗೆ ನಾವಿಬ್ಬರೂ ಉಸಿರು ಹಿಡಿದು ಇಣುಕುತ್ತಿದ್ದೆವು.

ಹಗಲಿನಲ್ಲಿ ಅಮ್ಮನೊಡನೆ ಕನ್ನಡ ಆಡಲು ಇದ್ದವಳು ಕಾಶವ್ವ ಒಬ್ಬಳೇ. ವಿಜಾಪುರದ ಕಡೆಯವಳು, ಗಾರೆ ಕೆಲಸ ಇಲ್ಲದ ದಿನ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಳು. "ನಿಮ್ದು ಪುಸ್ತಕದಾಗಿನ ಕನ್ನಡಾರಿ ಅಕ್ಕಾರ" ಎಂದು ಅವಳು ಕಾಡಿದರೆ, "ನಿಂದೋ? ಪ್ರೀತಿಯಲ್ಲಿ ಕರೆದ್ರೂ ಜಗಳಕ್ಕೆ ಬಂದ ಹಾಗೆ!" ಎಂದು ಅಮ್ಮ. ಇಬ್ಬರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಬೇರೆ ಕೆಲಸದವರಿಗೆ ಅಮ್ಮ ತನ್ನ ಮುರುಕು ಮರಾಠಿ ಸಾಲದೆ ಬೆರಳು ಮಾಡಿ ತೋರಿಸುತ್ತಿದ್ದಳು: ಇದು, ಇಲ್ಲಿ, ಇಷ್ಟು. ಕಾಶವ್ವನಿಗೆ ತೋರಿಸುವ ಅಗತ್ಯವಿರಲಿಲ್ಲ. ಆ ದಿನ ಸ್ನಾನಕ್ಕೆ ಹೋಗುತ್ತಾ, "ಹಿಂದಿನ ಕಸ ಒಮ್ಮೆ ತೆಗಿ ಕಾಶವ್ವ" ಎಂದಷ್ಟೇ ಹೇಳಿದಳು.

"ತಮ್ಮಾ, ಕುಡಗೋಲು ಐತೇನು?" ಎಂದು ಕಾಶವ್ವ ನನ್ನನ್ನು ಕೇಳಿದಳು. ನನಗೆ ಆ ಪದ ಗೊತ್ತಿರಲಿಲ್ಲ. ಕೈ ಬೀಸಿ ತೋರಿಸಿದಳು. ಕತ್ತಿ ತಂದುಕೊಟ್ಟವನು ನಾನು. ಇದನ್ನು ಬಿಟ್ಟು ಉಳಿದದ್ದನ್ನು ಹೇಳುವಂತಿಲ್ಲ. ಅವಳು ಬಸಳೆಯನ್ನು ಮುಟ್ಟಲಿಲ್ಲ, ಕರಿಬೇವನ್ನು ಮುಟ್ಟಲಿಲ್ಲ. ನೇರ ಲಂಟಾನಕ್ಕೆ ಹೋದಳು. ಮೊದಲ ಏಟಿಗೇ ಪಿಕಳಾರಗಳು ಮೇಲೆದ್ದು ಕಿರುಚಿದವು. ಅಮ್ಮ ಇವಳಿಗೆ ಎಲ್ಲವನ್ನೂ ಹೇಳುತ್ತಾಳೆ, ಗೂಡಿನ ವಿಷಯವನ್ನೂ ಹೇಳಿರುತ್ತಾಳೆ, ಆ ಕೊಂಬೆಯೊಂದನ್ನು ಇವಳು ಬಿಡುತ್ತಾಳೆ ಎಂದುಕೊಂಡು ನಾನು ಸುಮ್ಮನೆ ನಿಂತೆ. ನಾಲ್ಕನೆಯ ಏಟಿಗೆ ಬಾಯಿ ತೆರೆದೆ. ಐದನೆಯದಕ್ಕೆ ಪೊದೆ ಮಗುಚಿ ಬಿತ್ತು.

"ಹೆಂಗ ಹಸನಾತು ನೋಡ್ರಿ ಅಕ್ಕಾರ!" ಎಂದು ಕಾಶವ್ವ ಬೆವರು ಒರೆಸಿಕೊಂಡಳು. ಒದ್ದೆ ಕೂದಲಲ್ಲೇ ಓಡಿ ಬಂದ ಅಮ್ಮ ಕೊಂಬೆಗಳನ್ನು ಸರಿಸಿ ಗೂಡನ್ನು ಎತ್ತಿದಳು. ಒಂದು ಮರಿ ಸತ್ತಿತ್ತು.

"ಕಸ ಅಂದ್ರೆ ಒಣ ಎಲೆ ಮಾರಾಯ್ತಿ. ಗುಡಿಸ್ಲಿಕ್ಕೆ ಹೇಳಿದ್ದು ನಾನು."

"ನಮ್ ಕಡೆ ಹಂಗಲ್ರಿ. ಬಿತ್ತಲಾರದ ಹುಟ್ಟಿದ್ದೆಲ್ಲಾ ಕಸಾನರಿ." ಕಾಶವ್ವನ ದನಿ ಇಳಿಯಿತು. "ಕನ್ನಡದಾಗ ಹೇಳಿದ್ರಲ್ರಿ ಅಕ್ಕಾರ..."

ಉಳಿದ ಮರಿಯನ್ನು ಗೂಡಿನೊಡನೆ ಇಬ್ಬರೂ ಸೇರಿ ಕರಿಬೇವಿಗೆ ಕಟ್ಟಿದರು. ತಾಯಿ ಹಕ್ಕಿ ಸಂಜೆಯವರೆಗೆ ಹುಳ ಕಚ್ಚಿಕೊಂಡು ಬಂದು ಗೋಡೆಯ ಮೇಲೆ ಕೂತು, ಗೂಡಿಗೆ ಇಳಿಯದೆ ಹಿಂದಿರುಗುತ್ತಿತ್ತು. ಮರುದಿನ ಬೆಳಿಗ್ಗೆ ಎರಡನೆಯ ಮರಿಯೂ ಸತ್ತಿತ್ತು. ಅಮ್ಮ ಬೈಯಲಿಲ್ಲ. ಆದರೆ ಅಂದಿನಿಂದ ಕಾಶವ್ವನಿಗೂ ಬೆರಳು ಮಾಡಿ ತೋರಿಸತೊಡಗಿದಳು, ಅದೂ ಹಿಂದಿಯಲ್ಲಿ: ಯೇ, ಇಧರ್, ಇತನಾ. ಮತ್ತೆ ತಪ್ಪಾಗಬಾರದಲ್ಲ, ಎನ್ನುತ್ತಿದ್ದಳು ನನ್ನ ಹತ್ತಿರ. ಕಾಶವ್ವ "ಜೀ" ಎನ್ನುತ್ತಿದ್ದಳು. ಮಳೆ ಹಿಡಿದ ಮೇಲೆ ಅವಳು ಬರಲಿಲ್ಲ. ಮುಂದಿನ ಬೇಸಿಗೆಗೂ ತಟ್ಟೆಯಲ್ಲಿ ನೀರಿತ್ತು, ಸೂರಕ್ಕಿ ಬಂತು, ಅಳಿಲು ಬಂತು. ಹಿತ್ತಿಲಲ್ಲಿ ಅಮ್ಮ ನಕ್ಕದ್ದು ಮಾತ್ರ ನನಗೆ ನೆನಪಿಲ್ಲ.

ಈಗ ಆ ಬಿಲ್ಡಿಂಗ್ ಇಲ್ಲ. ಹನ್ನೊಂದು ಹೆಜ್ಜೆಯ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಇಂಥದೊಂದು ಹಿತ್ತಿಲು ನಿಮಗೂ ಇದ್ದಿರಬಹುದು. ಅದರ ಅಳತೆ ಈಗ ನಿಮ್ಮೊಬ್ಬರ ಹತ್ತಿರ ಉಳಿದಿರಬಹುದು. ಅಪ್ಪ ಮೊದಲು ಹೋದರು, ಅಮ್ಮ ಹೋಗಿ ಮೂರು ವರ್ಷ. ಕಿಟಕಿ ಮುಚ್ಚಿದ ಮರುದಿನ ನಾನು ದಾದರಿಗೆ ಹೋದೆ. ಅಲ್ಲಿ ಸ್ಟೇಷನ್ನಿನ ಹೊರಗೆ ಹೂ ಮಾರುವ ಕಾಶವ್ವನನ್ನು ಎಷ್ಟೋ ಸಲ ದೂರದಿಂದ ನೋಡಿ, ಮಾತಾಡಿಸದೆ ಲೋಕಲ್ ಹತ್ತಿದ್ದೆ. ಈ ಸಲ ಎದುರು ಕೂತು ಅಮ್ಮನ ಸುದ್ದಿ ಹೇಳಿದೆ. ಅವಳು ಕಟ್ಟುತ್ತಿದ್ದ ಮಾಲೆಗೆ ಗಂಟು ಹಾಕಿ ಬುಟ್ಟಿಯಲ್ಲಿಟ್ಟಳು.

"ಅಕ್ಕಾರು ಬೈದಿದ್ರ ಚಲೋ ಇರ್ತಿತ್ತು ತಮ್ಮಾ," ಎಂದಳು. "ಕನ್ನಡದಾಗ."

ಆ ಬೆಳಿಗ್ಗೆಯನ್ನು ಕಂಡವರು ಮೂವರು. ಅವರಲ್ಲಿ ಇನ್ನೂ ಬದುಕಿರುವವರು ಇಬ್ಬರು: ನಾನು, ಮತ್ತು ಮೊಣಕಾಲು ನೋವಿನಿಂದ ಏಳಲಾಗದೆ, ಕೂತಲ್ಲಿಂದಲೇ ಕೈಯೆತ್ತಿ ನನ್ನನ್ನು ಕಳಿಸಿದ ಕಾಶವ್ವ.